ಅಜ್ಜಿಯರು ಕೇಳಿದ ಪ್ರಶ್ನೆ

ಮನೆಯಲ್ಲಿ ಮಗು ಹುಟ್ಟಿತೆಂದರೆ ನೋಡಲು ಬಂದ ಬಂಧುಗಳು ಮೊದಲು ಮಾಡುವ ಕೆಲಸ ಅದರ ಮುಖವನ್ನು ಪರೀಕ್ಷಿಸುವುದು. "ಮೂಗು ಥೇಟ್ ಅಜ್ಜನದೇ" ಎಂದು ಒಬ್ಬರು ಹೇಳಿದರೆ, "ಕಣ್ಣು ಮಾತ್ರ ಸೋದರಮಾವನದು" ಎಂದು ಇನ್ನೊಬ್ಬರು ತಿದ್ದುತ್ತಾರೆ. ತಾಯಿಯ ಕಡೆಯವರೂ ತಂದೆಯ ಕಡೆಯವರೂ ಮಗುವಿನ ಒಂದೊಂದು ಅಂಗವನ್ನು ತಮ್ಮ ತಮ್ಮ ಪಾಲಿಗೆ ಹಂಚಿಕೊಳ್ಳುವ ಈ ವಿನೋದವನ್ನು ನೀವೆಲ್ಲರೂ ಕಂಡಿದ್ದೀರಿ. ಇಂಥ ಮಾತುಗಳಲ್ಲಿ ಅಭಿಮಾನ ಹೆಚ್ಚು, ಪ್ರಮಾಣ ಕಡಮೆ. ಆದರೆ ಈ ಹೋಲಿಕೆಯನ್ನು ನ್ಯಾಯಾಲಯದಲ್ಲಿ ಸಾಬೀತುಪಡಿಸಬೇಕಾಗಿ ಬಂದರೆ? ಮಗುವಿನ ತಂದೆತಾಯಿಯರಿಬ್ಬರೂ ಇಲ್ಲವಾಗಿ, ಮಗು ಬೇರೊಂದು ಹೆಸರಿನಿಂದ ಬೇರೊಬ್ಬರ ಮನೆಯಲ್ಲಿ ಬೆಳೆಯುತ್ತಿದ್ದು, "ಇದು ನನ್ನ ಮೊಮ್ಮಗು" ಎಂದು ಹೇಳಲು ಒಬ್ಬ ಮುದುಕಿ ಮಾತ್ರ ಉಳಿದಿದ್ದರೆ? ದಕ್ಷಿಣ ಅಮೆರಿಕದ ಅರ್ಜೆಂಟೀನ ದೇಶದಲ್ಲಿ ನೂರಾರು ಅಜ್ಜಿಯರಿಗೆ ಈ ಪ್ರಶ್ನೆ ಎದುರಾಯಿತು. ಅವರು ಅದನ್ನು ಹೊತ್ತುಕೊಂಡು ಹೋಗಿ ವಿಜ್ಞಾನಿಗಳ ಮುಂದೆ ಇಟ್ಟರು.

1976ರ ಮಾರ್ಚ್ 24ರಂದು ಆ ದೇಶದ ಸೇನಾಧಿಪತಿಗಳು ಚುನಾಯಿತ ಸರಕಾರವನ್ನು ಉರುಳಿಸಿ ಅಧಿಕಾರವನ್ನು ಕೈವಶಮಾಡಿಕೊಂಡರು. 1983ರ ಡಿಸೆಂಬರಿನವರೆಗೆ, ಏಳು ವರ್ಷಗಳಿಗೂ ಮೇಲ್ಪಟ್ಟು, ಅರ್ಜೆಂಟೀನ ಸೈನಿಕರ ಆಳ್ವಿಕೆಯಲ್ಲಿ ನರಳಿತು. ಸರಕಾರದ ವಿರೋಧಿಗಳೆಂಬ ಸಂಶಯಕ್ಕೆ ಗುರಿಯಾದ ವಿದ್ಯಾರ್ಥಿಗಳು, ಕಾರ್ಮಿಕ ಮುಖಂಡರು, ಅಧ್ಯಾಪಕರು, ಪತ್ರಿಕೋದ್ಯೋಗಿಗಳು ಹೀಗೆ ಸಾವಿರಾರು ಮಂದಿಯನ್ನು ಹಗಲಿರುಳೆನ್ನದೆ ಹಿಡಿದೊಯ್ಯಲಾಯಿತು. ಅವರು ಎಲ್ಲಿದ್ದಾರೆಂದು ಕೇಳಿದರೆ ಉತ್ತರವಿಲ್ಲ, ವಿಚಾರಣೆಯಿಲ್ಲ, ಕೊನೆಗೆ ಅಂತ್ಯಸಂಸ್ಕಾರಕ್ಕೆ ಶವವೂ ಇಲ್ಲ. ಜನರು ಅವರನ್ನು 'ಕಾಣೆಯಾದವರು' ಎಂದು ಕರೆದರು. ಪ್ರಜಾಪ್ರಭುತ್ವ ಮರಳಿದ ಬಳಿಕ ನೇಮಕಗೊಂಡ ಆಯೋಗವು 1984ರಲ್ಲಿ ಇಂಥ ಸುಮಾರು 9,000 ಪ್ರಕರಣಗಳನ್ನು ದಾಖಲಿಸಿತು. ಮಾನವ ಹಕ್ಕುಗಳ ಸಂಸ್ಥೆಗಳು ಹೇಳುವ ಸಂಖ್ಯೆ 30,000.

ಹಿಡಿದೊಯ್ದವರಲ್ಲಿ ಗರ್ಭಿಣಿಯರೂ ಇದ್ದರು, ಹಸುಗೂಸುಗಳ ತಾಯಂದಿರೂ ಇದ್ದರು. ಗರ್ಭಿಣಿಯರನ್ನು ಹೆರಿಗೆಯಾಗುವವರೆಗೆ ಬದುಕಲು ಬಿಟ್ಟು, ಅನಂತರ ಕೊಂದು, ಕೂಸನ್ನು ಸೈನಿಕರ ಅಥವಾ ಪೋಲೀಸರ ಮನೆಗಳಿಗೋ ಅವರಿಗೆ ಬೇಕಾದವರಿಗೋ ಕೊಟ್ಟುಬಿಡುತ್ತಿದ್ದರು. ಸುಳ್ಳು ಜನನಪತ್ರ ಸಿದ್ಧವಾಗುತ್ತಿತ್ತು. ಹೀಗೆ ಕಳವಾದ ಮಕ್ಕಳು ಸುಮಾರು 500 ಎಂದು ಅಜ್ಜಿಯರ ಸಂಘದ ಅಂದಾಜು. ಬೆಳ್ಳಿಬಂಗಾರವನ್ನು ಕದ್ದವನು ಅದನ್ನು ಕರಗಿಸಿ ಗುರುತು ಅಳಿಸುತ್ತಾನೆ. ಮಗುವನ್ನು ಕದ್ದವರು ಅಳಿಸಿದ್ದು ಅದರ ಹೆಸರನ್ನು, ಹುಟ್ಟಿದ ದಿನವನ್ನು, ಹೆತ್ತವರ ನೆನಪನ್ನು. ಅಳಿಸಲಾಗದ ಇನ್ನೊಂದು ಬರಹ ಆ ಮಗುವಿನ ಮೈಯಲ್ಲಿಯೇ ಇತ್ತೆಂಬುದು ಅವರಿಗೆ ಹೊಳೆದಿರಲಿಲ್ಲ.

ಲಾ ಪ್ಲಾಟಾ ಎಂಬುದು ರಾಜಧಾನಿ ಬ್ಯೂನಸ್ ಐರಿಸ್‌ಗೆ ಸಮೀಪದ ನಗರ. ಅಲ್ಲಿ ಮರಿಯಾ ಇಸಾಬೆಲ್ ಮರಿಯಾನಿ ಎಂಬ ಅಧ್ಯಾಪಕಿ ಶಾಲೆಯೊಂದರಲ್ಲಿ ಕಲೆಯ ಇತಿಹಾಸವನ್ನು ಬೋಧಿಸುತ್ತಿದ್ದರು. ಎಲ್ಲರೂ ಅವರನ್ನು 'ಚೀಚಾ' ಎಂದು ಪ್ರೀತಿಯಿಂದ ಕರೆಯುತ್ತಿದ್ದರು. 1976ರ ನವೆಂಬರ್ 24ರಂದು ಸೈನಿಕರೂ ಪೋಲೀಸರೂ ಅವರ ಮಗನ ಮನೆಯನ್ನು ಮುತ್ತಿ ಗುಂಡಿನ ಮಳೆಗರೆದರು. ಸೊಸೆ ಸತ್ತಳು. ಆಗ ಮನೆಯಲ್ಲಿ ಇರದಿದ್ದ ಮಗ ಮರುವರ್ಷ ಕೊಲೆಯಾದನು. ಮೂರು ತಿಂಗಳ ಮೊಮ್ಮಗಳು ಕ್ಲಾರಾ ಅನಾಯಿ ಎಲ್ಲಿ ಹೋದಳೆಂದು ಯಾರೂ ಹೇಳಲಿಲ್ಲ. ಕೂಸನ್ನು ಜೀವಂತವಾಗಿ ಎತ್ತಿಕೊಂಡು ಹೋದರೆಂಬ ಮಾತು ಮಾತ್ರ ಚೀಚಾ ಅವರ ಕಿವಿಗೆ ಬಿತ್ತು. ಅವರು ಠಾಣೆ, ನ್ಯಾಯಾಲಯ, ಚರ್ಚು, ಅನಾಥಾಲಯಗಳನ್ನು ಅಲೆದರು. ಹಾಗೆ ಅಲೆಯುತ್ತಿದ್ದಾಗ ತಮ್ಮಂತೆಯೇ ಅಲೆಯುತ್ತಿದ್ದ ಇತರ ಅಜ್ಜಿಯರ ಪರಿಚಯವಾಯಿತು.

1977ರಲ್ಲಿ ಹನ್ನೆರಡು ಮಂದಿ ಅಜ್ಜಿಯರು ಒಂದುಗೂಡಿದರು. ಬ್ಯೂನಸ್ ಐರಿಸ್‌ನ ಅಧ್ಯಕ್ಷರ ಭವನದ ಮುಂದಿನ ಚೌಕದ ಹೆಸರು ಪ್ಲಾಜಾ ದೆ ಮಾಯೊ. ಕಾಣೆಯಾದವರ ತಾಯಂದಿರು ಪ್ರತಿ ಗುರುವಾರ ತಲೆಗೆ ಬಿಳಿಯ ವಸ್ತ್ರ ಕಟ್ಟಿಕೊಂಡು ಅಲ್ಲಿ ಮೌನವಾಗಿ ಸುತ್ತುತ್ತಿದ್ದರು. ಆ ಚೌಕದ ಹೆಸರನ್ನೇ ಅಜ್ಜಿಯರ ಸಂಘವೂ ಪಡೆಯಿತು. ಸಭೆ ಸೇರುವುದು ಅಪಾಯವಾಗಿದ್ದ ಕಾಲ. ಆದುದರಿಂದ ಅವರು ಕಾಫಿ ಹೋಟೆಲುಗಳಲ್ಲಿ ಕುಳಿತು, ಗೆಳತಿಯೊಬ್ಬಳ ಹುಟ್ಟುಹಬ್ಬವನ್ನು ಆಚರಿಸುವವರಂತೆ ನಗುತ್ತ ತಿಂಡಿ ತಿನ್ನುತ್ತ, ಮೇಜಿನ ಕೆಳಗೆ ಕಾಗದಗಳನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದರು. ಮುದುಕಿಯರ ಹರಟೆಯನ್ನು ಯಾವ ಗೂಢಚಾರನೂ ಸಂಶಯಿಸಲಾರನೆಂಬ ಅವರ ಲೆಕ್ಕ ಸರಿಯಾಗಿಯೇ ಇತ್ತು.

ಮಕ್ಕಳ ಸುಳಿವು ಒಮ್ಮೊಮ್ಮೆ ಸಿಗುತ್ತಿತ್ತು. ಇಂಥ ಅಧಿಕಾರಿಯ ಹೆಂಡತಿ ಗರ್ಭಿಣಿಯಾಗಿದ್ದುದನ್ನು ನೆರೆಯವರಾರೂ ಕಂಡಿಲ್ಲ, ಆದರೂ ಮನೆಗೆ ಮಗು ಬಂದಿದೆ ಎಂದು ಯಾರೋ ಗುಟ್ಟಾಗಿ ತಿಳಿಸುತ್ತಿದ್ದರು. ಆದರೆ ಆ ಮಗು ಯಾವ ಅಜ್ಜಿಯದು? ಹೆರಿಗೆಗೆ ಮೊದಲೇ ತಾಯಿಯನ್ನು ಕೊಂಡೊಯ್ದಿದ್ದರೆ ಮಗುವಿನ ಮುಖವನ್ನು ಅಜ್ಜಿ ನೋಡಿಯೇ ಇರುವುದಿಲ್ಲ. ಮಚ್ಚೆ, ಬಣ್ಣ, ಕೂದಲು ಯಾವುದರ ಗುರುತೂ ಗೊತ್ತಿಲ್ಲ. 1979ರಲ್ಲಿ ಪತ್ರಿಕೆಯೊಂದರ ಸುದ್ದಿ ಅವರ ಕಣ್ಣಿಗೆ ಬಿತ್ತು. ತಾನು ತಂದೆಯಲ್ಲವೆಂದು ನಿರಾಕರಿಸಿದ್ದ ಒಬ್ಬನು ಮಗುವಿನ ತಂದೆಯೇ ಹೌದೆಂಬುದು ರಕ್ತಪರೀಕ್ಷೆಯಿಂದ ಸ್ಥಿರಪಟ್ಟಿತೆಂದು ಅದರಲ್ಲಿ ಬರೆದಿತ್ತು. ತಂದೆಯ ರಕ್ತ ಸಾಕ್ಷಿ ನುಡಿಯಬಲ್ಲುದಾದರೆ ಅಜ್ಜಿಯ ರಕ್ತ ಏಕೆ ನುಡಿಯಬಾರದು? ನಡುವಿನ ಒಂದು ತಲೆಮಾರು ಇಲ್ಲದಿದ್ದರೂ ಸಂಬಂಧವನ್ನು ತೋರಿಸಲು ಸಾಧ್ಯವೇ?

ಈ ಪ್ರಶ್ನೆಗೆ ಆಗ ಸಿದ್ಧ ಉತ್ತರವಿರಲಿಲ್ಲ. ಅಜ್ಜಿಯರು ಹೋದ ದೇಶಗಳಲ್ಲೆಲ್ಲ ವೈದ್ಯರನ್ನೂ ವಿಜ್ಞಾನಿಗಳನ್ನೂ ಅದನ್ನೇ ಕೇಳಿದರು. 1982ರಲ್ಲಿ ನ್ಯೂಯಾರ್ಕಿನಲ್ಲಿ ವಿಕ್ತೋರ್ ಪೆಂಚಸಾದೆ ಎಂಬ ತಳಿವಿಜ್ಞಾನಿ ಅವರಿಗೆ ಕಿವಿಗೊಟ್ಟರು. ಅವರೂ ಅರ್ಜೆಂಟೀನದಿಂದ ತಲೆತಪ್ಪಿಸಿಕೊಂಡು ಬಂದವರೇ. ಅವರ ಮತ್ತು ಇತರರ ನೆರವಿನಿಂದ ಪ್ರಶ್ನೆ ಕ್ಯಾಲಿಫೋರ್ನಿಯದ ಬರ್ಕ್‌ಲಿ ವಿಶ್ವವಿದ್ಯಾಲಯದಲ್ಲಿದ್ದ ಮೇರಿ ಕ್ಲೇರ್ ಕಿಂಗ್ ಎಂಬಾಕೆಯನ್ನು ತಲಪಿತು. ಮನುಷ್ಯರಿಗೂ ಚಿಂಪಾಂಜಿಗಳಿಗೂ ಆನುವಂಶಿಕವಾಗಿ ಎಷ್ಟು ಅಲ್ಪ ವ್ಯತ್ಯಾಸವಿದೆಯೆಂಬುದನ್ನು 1975ರಲ್ಲಿ ತಮ್ಮ ಗುರುವಿನೊಡನೆ ತೋರಿಸಿಕೊಟ್ಟಿದ್ದ ಈಕೆ ಗಣಿತದಲ್ಲಿಯೂ ನುರಿತವರು. ಬೇಕಾಗಿದ್ದುದೂ ಮುಖ್ಯವಾಗಿ ಗಣಿತವೇ.

ಆ ಗಣಿತವನ್ನು ಮಣಿಸರಗಳ ಮೂಲಕ ತಿಳಿದುಕೊಳ್ಳೋಣ. ನಮ್ಮ ದೇಹದ ಜೀವಕೋಶಗಳ ಕೇಂದ್ರದಲ್ಲಿ 23 ಜೊತೆ ವರ್ಣತಂತುಗಳಿವೆ. ಪ್ರತಿಯೊಂದು ಜೊತೆಯಲ್ಲಿಯೂ ಒಂದು ತಾಯಿಯಿಂದ ಬಂದುದು, ಇನ್ನೊಂದು ತಂದೆಯಿಂದ ಬಂದುದು. ಆರನೆಯ ವರ್ಣತಂತುವಿನ ಒಂದು ಭಾಗದಲ್ಲಿ ಬಿಳಿಯ ರಕ್ತಕಣಗಳ ಮೇಲ್ಮೈಯ ಗುರುತುಗಳನ್ನು ನಿರ್ಧರಿಸುವ ವಂಶವಾಹಿಗಳು ಒತ್ತೊತ್ತಾಗಿ ಕುಳಿತಿವೆ. ಅವುಗಳಿಗೆ ಎಚ್.ಎಲ್.ಎ. ಎಂದು ಹೆಸರು. ಅವು ಒತ್ತಾಗಿರುವುದರಿಂದ ಸಾಮಾನ್ಯವಾಗಿ ಒಂದೇ ಕಟ್ಟಾಗಿ ತಲೆಮಾರಿನಿಂದ ತಲೆಮಾರಿಗೆ ದಾಟುತ್ತವೆ. ಈ ಕಟ್ಟನ್ನು ಬಣ್ಣಬಣ್ಣದ ಮಣಿಗಳ ಒಂದು ಸರವೆಂದು ಭಾವಿಸಿರಿ. ಪ್ರತಿಯೊಬ್ಬರ ಬಳಿಯೂ ಎರಡು ಸರಗಳಿವೆ. ಮಗುವಿಗೆ ಅವುಗಳಲ್ಲಿ ಒಂದನ್ನು ಮಾತ್ರ ಕೊಡುತ್ತಾರೆ. ಹಾಗಾದರೆ ತಂದೆಯ ತಂದೆತಾಯಿಯರ ಬಳಿ ನಾಲ್ಕು ಸರಗಳು, ತಾಯಿಯ ತಂದೆತಾಯಿಯರ ಬಳಿ ನಾಲ್ಕು ಸರಗಳು. ನಡುವಿನ ತಲೆಮಾರು ಕಾಣೆಯಾಗಿದ್ದರೂ ಮಗುವಿನ ಕೊರಳಲ್ಲಿರುವ ಎರಡು ಸರಗಳಲ್ಲಿ ಒಂದು ಆ ಕಡೆಯ ನಾಲ್ಕರಲ್ಲಿ ಒಂದಾಗಿರಲೇಬೇಕು. ಇನ್ನೊಂದು ಈ ಕಡೆಯ ನಾಲ್ಕರಲ್ಲಿ ಒಂದಾಗಿರಲೇಬೇಕು.

ಹಾಗೆ ಇಲ್ಲವಾದರೆ ಆ ಮಗು ಆ ಮನೆಯದಲ್ಲ. ಇದ್ದರೆ? ಆಗಲೂ ಅವಸರ ಪಡುವಂತಿಲ್ಲ. ಅದು ಆಕಸ್ಮಿಕವಾಗಿ ಕೂಡಿಬಂದ ಹೋಲಿಕೆಯೂ ಆಗಿರಬಹುದಷ್ಟೆ. ಮಾತಿಗೆ, ಈ ಎಂಟು ಸರಗಳಲ್ಲಿ ಪ್ರತಿಯೊಂದೂ ಆ ದೇಶದ ಒಟ್ಟು ಸರಗಳಲ್ಲಿ ನೂರಕ್ಕೆ ಒಂದರಂತೆ ಕಾಣಬರುವುದೆನ್ನೋಣ. ಯಾವ ಸಂಬಂಧವೂ ಇಲ್ಲದ ಮಗುವಿನ ಎರಡು ಸರಗಳು ಹೀಗೆ ಎರಡು ಕಡೆಗೂ ಹೊಂದಿಕೊಳ್ಳುವ ಸಂಭವವನ್ನು ಲೆಕ್ಕ ಮಾಡಿದರೆ ಸಾವಿರಕ್ಕೆ ಸುಮಾರು ಮೂರು ಬರುತ್ತದೆ. ಸರಗಳು ವಿರಳವಾದಷ್ಟೂ ಈ ಸಂಭವ ಕುಗ್ಗುತ್ತದೆ. ಇದರೊಡನೆ ಎ, ಬಿ, ಒ ಮೊದಲಾದ ರಕ್ತದ ಗುಂಪುಗಳ ಮತ್ತು ರಕ್ತದ ಇತರ ಪ್ರೋಟೀನುಗಳ ಸಾಕ್ಷ್ಯವನ್ನೂ ಸೇರಿಸಿದರೆ ಸಂಶಯಕ್ಕೆ ಎಡೆ ಇನ್ನೂ ಕಿರಿದಾಗುತ್ತದೆ. ಹೀಗೆ ದೊರೆತ ಅಂಕಿಗೆ ವಿಜ್ಞಾನಿಗಳು 'ಅಜ್ಜಿತನದ ಸೂಚ್ಯಂಕ' ಎಂಬ ಅರ್ಥದ ಸ್ಪ್ಯಾನಿಷ್ ಹೆಸರನ್ನಿಟ್ಟರು. ವಿಜ್ಞಾನದ ಪದಕೋಶದಲ್ಲಿ ಅಜ್ಜಿಯರ ಹೆಸರು ಸೇರಿದ ಸಂದರ್ಭಗಳು ಹೆಚ್ಚಿಲ್ಲ.

1984ರಲ್ಲಿ ಕಿಂಗ್ ಅರ್ಜೆಂಟೀನಕ್ಕೆ ಬಂದರು. ಬ್ಯೂನಸ್ ಐರಿಸ್‌ನ ದುರಾನ್ ಆಸ್ಪತ್ರೆಯಲ್ಲಿ ಆನಾ ಮರಿಯಾ ದಿ ಲೊನಾರ್ದೊ ಎಂಬ ವೈದ್ಯೆಯ ಪ್ರಯೋಗಶಾಲೆಯಲ್ಲಿ ಈ ಪರೀಕ್ಷೆಗೆ ಬೇಕಾದ ಅನುಕೂಲಗಳಿದ್ದವು. ಮೊದಲ ಬಾರಿಗೆ ಅದು ಪ್ರಯೋಗಕ್ಕೆ ಬಂದುದು ಪೌಲಾ ಎಂಬ ಎಂಟು ವರ್ಷದ ಹುಡುಗಿಯ ವಿಷಯದಲ್ಲಿ. 1978ರಲ್ಲಿ, ಅವಳಿಗಿನ್ನೂ ಎರಡು ತುಂಬುವ ಮೊದಲು, ನೆರೆಯ ಉರುಗ್ವೇ ದೇಶದಲ್ಲಿ ತಂದೆತಾಯಿಯರೊಡನೆ ಅವಳನ್ನು ಅಪಹರಿಸಿದ್ದರು. ಪೋಲೀಸ್ ಅಧಿಕಾರಿಯೊಬ್ಬನು ಅವಳನ್ನು ಆಗತಾನೆ ಹುಟ್ಟಿದ ತನ್ನ ಮಗಳೆಂದು ನೋಂದಾಯಿಸಿಕೊಂಡಿದ್ದನು. ಅಜ್ಜಿ ಎಲ್ಸಾ ಪಾವೋನ್ ಅವಳನ್ನು ಹುಡುಕಿ ಹಿಡಿದು ನ್ಯಾಯಾಲಯಕ್ಕೆ ಹೋದರು. ಸೂಚ್ಯಂಕ ನೂರಕ್ಕೆ 99ನ್ನು ಮೀರಿತು. 1984ರ ಡಿಸೆಂಬರಿನಲ್ಲಿ ಪೌಲಾ ಅಜ್ಜಿಯ ಮನೆಗೆ ಮರಳಿದಳು.

ಆದರೆ ಈ ವಿಧಾನಕ್ಕೆ ಒಂದು ತೊಡಕಿತ್ತು. ಎಂಟು ಸರಗಳ ಲೆಕ್ಕ ಪೂರ್ತಿಯಾಗಬೇಕಾದರೆ ನಾಲ್ವರು ಅಜ್ಜ ಅಜ್ಜಿಯರೂ, ಅವರಿಲ್ಲದಿದ್ದರೆ ಸಾಕಷ್ಟು ಮಂದಿ ಹತ್ತಿರದ ಬಂಧುಗಳೂ ಬೇಕು. ವಯಸ್ಸಾದ ಜೀವಗಳು ಒಂದೊಂದಾಗಿ ಉದುರುತ್ತಿದ್ದವು. ಒಬ್ಬಳೇ ಅಜ್ಜಿ ಉಳಿದಾಗ ಏನು ಮಾಡಬೇಕು? ಇಲ್ಲಿ ನೆರವಿಗೆ ಬಂದುದು ಜೀವಕೋಶದ ಇನ್ನೊಂದು ಮೂಲೆ.

ಜೀವಕೋಶವನ್ನು ಒಂದು ಮನೆಯೆಂದುಕೊಂಡರೆ ಕೋಶಕೇಂದ್ರವು ನಡುಮನೆಯ ಪೆಟ್ಟಿಗೆ. ವಂಶದ ಬಹುಪಾಲು ಬರಹ, ಡಿ.ಎನ್.ಎ.ಯ ಸುಮಾರು 300 ಕೋಟಿ ಅಕ್ಷರಗಳು, ಅದರೊಳಗಿವೆ. ಆದರೆ ಮನೆಗೆ ಒಲೆಗಳೂ ಬೇಕಷ್ಟೆ. ಆಹಾರದಿಂದ ಶಕ್ತಿಯನ್ನು ಬಿಡುಗಡೆ ಮಾಡುವ ಮೈಟೊಕಾಂಡ್ರಿಯಗಳೇ ಜೀವಕೋಶದ ಒಲೆಗಳು. ಅವುಗಳೊಳಗೂ ಉಂಗುರದಂತೆ ಸುತ್ತಿಕೊಂಡ ಪುಟ್ಟ ಡಿ.ಎನ್.ಎ. ಇದೆ. ಅದರಲ್ಲಿರುವುದು 16,569 ಅಕ್ಷರಗಳು ಮಾತ್ರ. ಅವುಗಳ ಪೂರ್ಣ ಸಾಲನ್ನು ಇಂಗ್ಲೆಂಡಿನ ಕೇಂಬ್ರಿಡ್ಜಿನ ವಿಜ್ಞಾನಿಗಳು 1981ರಲ್ಲಿ ಓದಿ ಪ್ರಕಟಿಸಿದ್ದರು. ಮಗುವಿನ ಮೊದಲ ಕೋಶಕ್ಕೆ ಈ ಒಲೆಗಳು ತಾಯಿಯ ಅಂಡಾಣುವಿನಿಂದಲೇ ಬರುತ್ತವೆ. ತಂದೆಯ ಕಡೆಯಿಂದ ಬಂದ ಒಂದಿಷ್ಟು ಅಲ್ಲಿಯೇ ನಾಶವಾಗುತ್ತದೆ. ಆದುದರಿಂದ ತಾಯಿಯ ತಾಯಿ, ತಾಯಿ, ಅವಳ ಒಡಹುಟ್ಟಿದವರು, ಅವಳ ಮಕ್ಕಳು ಇವರೆಲ್ಲರಲ್ಲಿ ಈ ಉಂಗುರದ ಬರಹ ಸಾಮಾನ್ಯವಾಗಿ ಒಂದೇ. ಗಂಡುಮಕ್ಕಳಿಗೂ ಅದು ಬರುತ್ತದೆ, ಆದರೆ ಅವರಲ್ಲಿಯೇ ನಿಲ್ಲುತ್ತದೆ. ಮುಂದಕ್ಕೆ ಒಯ್ಯುವವಳು ಮಗಳು ಮಾತ್ರ. ಮನೆತನದ ಹೆಸರು ತಂದೆಯಿಂದ ಮಗನಿಗೆ ಹೋಗುವುದನ್ನೇ ವಂಶವೆಂದು ತಿಳಿಯುವವರಿಗೆ ಈ ಸಂಗತಿ ಸ್ವಲ್ಪ ಇರುಸುಮುರುಸು ಉಂಟುಮಾಡೀತು.

ಕಿಂಗ್ ಮತ್ತು ಅವರ ಸಂಗಡಿಗರು ಈ ಉಂಗುರದಲ್ಲಿ ವ್ಯಕ್ತಿಯಿಂದ ವ್ಯಕ್ತಿಗೆ ಹೆಚ್ಚು ಬದಲಾಗುವ ಭಾಗವನ್ನು ಆಯ್ದುಕೊಂಡು ಅಕ್ಷರಕ್ಕೆ ಅಕ್ಷರ ಹೋಲಿಸಿದರು. ತಾಯಿಯ ತಾಯಿಯೊಬ್ಬಳು ಬದುಕಿದ್ದರೂ ಸಾಕು, ಅವಳ ತಂಗಿಯಾದರೂ ಸಾಕು, ಹೋಲಿಕೆ ಸಾಧ್ಯ. ಒಂದು ಕೋಶದಲ್ಲಿ ಈ ಉಂಗುರದ ಪ್ರತಿಗಳು ನೂರಾರು ಇರುವುದರಿಂದ, ಹಳೆಯ ಹಲ್ಲು ಮೂಳೆಗಳಲ್ಲಿಯೂ ಅದು ಉಳಿದಿರುವ ಸಂಭವ ಹೆಚ್ಚು. ಗುರುತಿಲ್ಲದ ಗೋರಿಗಳಿಂದ ತೆಗೆದ ಮೂಳೆಗಳ ಗುರುತನ್ನು ಹಿಡಿಯಲು ಕೂಡ ಈ ಗುಣ ನೆರವಾಯಿತು.

ಇಲ್ಲಿ ಒಂದು ಎಚ್ಚರಿಕೆಯ ಮಾತು. ತಾಯಿಯ ಸಾಲಿನ ಬರಹ ಹೊಂದಿಕೊಳ್ಳದಿದ್ದರೆ ಸಂಬಂಧವಿಲ್ಲವೆಂದು ಹೆಚ್ಚುಕಡಮೆ ಖಚಿತವಾಗಿ ಹೇಳಬಹುದು. ಹೊಂದಿಕೊಂಡರೆ ಮಾತ್ರ ಸಂಬಂಧ ಸಿದ್ಧವಾಯಿತೆಂದು ಹೇಳಲಾಗದು. ಬಹಳ ಹಿಂದೆ ಬಾಳಿದ ಒಬ್ಬ ಮೂಲ ಅಜ್ಜಿಯಿಂದ ಇಳಿದುಬಂದ ಸಾವಿರಾರು ಮಂದಿಯಲ್ಲಿ ಅದೇ ಬರಹ ಇರಬಹುದು. ಇಂದು ಕೆಲವು ವ್ಯಾಪಾರಿ ಸಂಸ್ಥೆಗಳು ಎಂಜಲಿನ ಮಾದರಿಯನ್ನು ಪಡೆದು ಪೂರ್ವಜರ ಚರಿತ್ರೆಯನ್ನು ಹೇಳಿಕೊಡುತ್ತವೆ. ಅವುಗಳ ಫಲಿತಾಂಶವನ್ನು ಓದುವವರು ಒಂದು ಸರಳ ಲೆಕ್ಕವನ್ನು ನೆನಪಿನಲ್ಲಿಡಬೇಕು. ತಂದೆತಾಯಿ ಇಬ್ಬರು, ಅಜ್ಜ ಅಜ್ಜಿಯರು ನಾಲ್ವರು, ಅವರ ಹಿಂದೆ ಎಂಟು ಮಂದಿ. ಹೀಗೆ ಹತ್ತು ತಲೆಮಾರು ಹಿಂದಕ್ಕೆ ಹೋದರೆ ವಂಶವೃಕ್ಷದಲ್ಲಿ 1,024 ಸ್ಥಾನಗಳಾಗುತ್ತವೆ. ತಾಯಿಯ ಸಾಲು ಅವುಗಳಲ್ಲಿ ಒಂದೇ ಸ್ಥಾನವನ್ನು ಮುಟ್ಟುತ್ತದೆ. ಉಳಿದ 1,023ರ ಬಗ್ಗೆ ಅದು ಏನನ್ನೂ ಹೇಳದು. ಆದುದರಿಂದ ಅಜ್ಜಿಯರ ವಿಜ್ಞಾನಿಗಳು ಒಂದೇ ಸಾಕ್ಷಿಯನ್ನು ನಂಬಲಿಲ್ಲ. ಕೋಶಕೇಂದ್ರದ ಡಿ.ಎನ್.ಎ.ಯಲ್ಲಿ ಕೆಲವು ಪುಟ್ಟ ಪದಗಳು ಮತ್ತೆ ಮತ್ತೆ ಬರುವ ಸ್ಥಳಗಳಿವೆ. ಅವು ಎಷ್ಟು ಬಾರಿ ಬರುತ್ತವೆಂಬುದು ಒಬ್ಬೊಬ್ಬರಲ್ಲಿ ಒಂದೊಂದು ಬಗೆ. ಅಂಥ ಅನೇಕ ಸ್ಥಳಗಳನ್ನು ಎಣಿಸಿ ಹೋಲಿಸುವ ವಿಧಾನವೂ ಕ್ರಮೇಣ ಸೇರಿಕೊಂಡಿತು.

ಅಜ್ಜಿಯರಿಗೆ ತಾವು ಚಿರಂಜೀವಿಗಳಲ್ಲವೆಂಬುದು ಚೆನ್ನಾಗಿ ಗೊತ್ತಿತ್ತು. ತಾವು ಸತ್ತ ಮೇಲೆ ಮೊಮ್ಮಗು ತಾನಾಗಿ ಹುಡುಕಿಕೊಂಡು ಬಂದರೆ? ಅವರ ಒತ್ತಾಯದಿಂದ 1987ರಲ್ಲಿ ಅರ್ಜೆಂಟೀನದ ಶಾಸನಸಭೆ ಒಂದು ಕಾನೂನನ್ನು ಮಾಡಿ, ರಾಷ್ಟ್ರೀಯ ಆನುವಂಶಿಕ ಮಾಹಿತಿ ಬ್ಯಾಂಕನ್ನು ಸ್ಥಾಪಿಸಿತು. ಹಣವಿಲ್ಲದ ಈ ಬ್ಯಾಂಕಿನಲ್ಲಿ ಕುಟುಂಬಗಳ ರಕ್ತದ ಮಾದರಿಗಳನ್ನೂ ಅವುಗಳ ವಿವರಗಳನ್ನೂ ಇರಿಸಲಾಗಿದೆ. ಮಕ್ಕಳ ಹಕ್ಕುಗಳನ್ನು ಕುರಿತ ವಿಶ್ವಸಂಸ್ಥೆಯ 1989ರ ಒಪ್ಪಂದದಲ್ಲಿ, ಪ್ರತಿಯೊಂದು ಮಗುವಿಗೂ ತನ್ನ ಗುರುತನ್ನು ಉಳಿಸಿಕೊಳ್ಳುವ ಹಕ್ಕಿದೆಯೆಂಬ ವಿಧಿ ಸೇರಿದುದರಲ್ಲಿಯೂ ಅಜ್ಜಿಯರ ಪಾತ್ರವಿದೆ. ಆ ಒಪ್ಪಂದಕ್ಕೆ ನಮ್ಮ ಭಾರತವೂ 1992ರಲ್ಲಿ ಸೇರಿತು.

ಮಕ್ಕಳು ದೊಡ್ಡವರಾದರು. ಈಗ ಹುಡುಕಾಟದ ದಿಕ್ಕು ತಿರುಗಿತು. ತಮ್ಮ ಹುಟ್ಟಿನ ಬಗ್ಗೆ ಸಂಶಯವುಳ್ಳ ಯುವಕಯುವತಿಯರು ತಾವಾಗಿಯೇ ಪರೀಕ್ಷೆಗೆ ಮುಂದಾಗತೊಡಗಿದರು. ಅಜ್ಜಿಯರ ಸಂಘದ ಅಧ್ಯಕ್ಷೆ ಎಸ್ತೇಲಾ ದೆ ಕಾರ್ಲೊತ್ತೊ ಹಿಂದೆ ಪ್ರಾಥಮಿಕ ಶಾಲೆಯ ಮುಖ್ಯೋಪಾಧ್ಯಾಯಿನಿಯಾಗಿದ್ದವರು. ಅವರ ಮಗಳು ಲಾರಾ 1978ರ ಜೂನ್ ತಿಂಗಳಿನಲ್ಲಿ ಸೆರೆಯಲ್ಲಿಯೇ ಗಂಡುಮಗುವನ್ನು ಹೆತ್ತಳು. ಎರಡು ತಿಂಗಳಲ್ಲಿ ಅವಳನ್ನು ಕೊಂದರು. ಇತರರ ಮೊಮ್ಮಕ್ಕಳು ಸಿಕ್ಕಾಗಲೆಲ್ಲ ಸುದ್ದಿಗಾರರ ಮುಂದೆ ಸಂತೋಷದಿಂದ ಪ್ರಕಟಿಸುತ್ತಿದ್ದ ಎಸ್ತೇಲಾ ತಮ್ಮ ಮೊಮ್ಮಗನಿಗಾಗಿ 36 ವರ್ಷ ಕಾದರು. 2014ರ ಆಗಸ್ಟಿನಲ್ಲಿ, ತಾನಾಗಿ ಪರೀಕ್ಷೆಗೆ ಬಂದ ಪಿಯಾನೊ ವಾದಕನೊಬ್ಬನ ರಕ್ತ ಅವರ ಕುಟುಂಬದ ರಕ್ತದೊಡನೆ ಹೊಂದಿಕೊಂಡಿತು. ಪತ್ತೆಯಾದವರ ಪಟ್ಟಿಯಲ್ಲಿ ಅವನು 114ನೆಯವನು. ಅಜ್ಜಿಗೆ ಆಗ 83 ವರ್ಷ.

ಎಲ್ಲರ ಕಥೆಯೂ ಹೀಗೆ ನಗುನಗುತ್ತ ಮುಗಿಯಲಿಲ್ಲವೆಂಬುದನ್ನೂ ಹೇಳಬೇಕು. ಸಾಕಿದವರೇ ತನ್ನ ತಂದೆತಾಯಿಯರ ಕೊಲೆಯಲ್ಲಿ ಭಾಗಿಗಳೆಂಬ ಸತ್ಯ ಯಾರಿಗೆ ತಾನೆ ಸಹ್ಯವಾದೀತು? ಕೆಲವರು ರಕ್ತ ಕೊಡಲು ನಿರಾಕರಿಸಿದರು. ನನ್ನ ದೇಹ ನನ್ನದು, ಅದರ ಗುಟ್ಟನ್ನು ನಾನು ತಿಳಿಯಲೊಲ್ಲೆ ಎಂದರು. ಅಜ್ಜಿಯರ ವಾದ ಬೇರೆ. ಒಂದು ಅಪರಾಧ ನಡೆದಿದೆ, ಇನ್ನೊಂದು ಕುಟುಂಬ ಕಾಯುತ್ತಿದೆ ಎಂದು ಅವರೆಂದರು. 2009ರ ಕಾನೂನು ಒಂದು ನಡುದಾರಿಯನ್ನು ಹಿಡಿಯಿತು. ರಕ್ತ ಕೊಡಲೊಲ್ಲದವರ ಬಟ್ಟೆ, ಹಲ್ಲುಜ್ಜುವ ಬ್ರಷ್ಷು ಮೊದಲಾದ ವಸ್ತುಗಳಿಂದ ಡಿ.ಎನ್.ಎ. ಪಡೆಯಲು ನ್ಯಾಯಾಧೀಶರು ಆಜ್ಞೆ ಮಾಡಬಹುದು. ದೇಹವನ್ನು ಮುಟ್ಟಲಿಲ್ಲವೆಂಬುದು ನಿಜ. ಆದರೂ ತಿಳಿಯಲೊಲ್ಲದವನಿಗೆ ತಿಳಿಸಿದ್ದು ತಿಳಿಸಿದ್ದೇ ಅಲ್ಲವೇ? ನನಗೆ ಅಜ್ಜಿಯರ ಪಕ್ಷವೇ ನ್ಯಾಯವೆಂದು ತೋರುತ್ತದೆ. ಆದರೆ ಎದುರು ಪಕ್ಷದವರ ನೋವು ಸುಳ್ಳೆಂದು ಹೇಳುವ ಧೈರ್ಯ ನನಗಿಲ್ಲ. ಮಕ್ಕಳನ್ನು ವ್ಯವಸ್ಥಿತವಾಗಿ ಕದ್ದ ಅಪರಾಧಕ್ಕಾಗಿ ಹಿಂದಿನ ಸೇನಾಡಳಿತದ ಮುಖ್ಯಸ್ಥ ವಿದೇಲನಿಗೆ 2012ರಲ್ಲಿ ನ್ಯಾಯಾಲಯ 50 ವರ್ಷಗಳ ಸೆರೆವಾಸವನ್ನು ವಿಧಿಸಿತು.

2025ರ ಜುಲೈ ವೇಳೆಗೆ ಗುರುತು ಮರಳಿ ಸಿಕ್ಕವರ ಸಂಖ್ಯೆ 140 ಆಗಿತ್ತು. ಚೀಚಾ ಅವರ ಮೊಮ್ಮಗಳು ಆ ಪಟ್ಟಿಯಲ್ಲಿಲ್ಲ. 2015ರ ಡಿಸೆಂಬರಿನಲ್ಲಿ ಕ್ಲಾರಾ ಅನಾಯಿ ಸಿಕ್ಕಿದಳೆಂಬ ಸುದ್ದಿ ಹಬ್ಬಿತು. ಖಾಸಗಿ ಪ್ರಯೋಗಶಾಲೆಯೊಂದರ ಪತ್ರವನ್ನು ಹಿಡಿದು ಬಂದ ಮಹಿಳೆಯೊಬ್ಬಳನ್ನು ತೊಂಬತ್ತು ದಾಟಿದ ಅಜ್ಜಿ ಅಪ್ಪಿಕೊಂಡರು. ಒಂದೆರಡು ದಿನಗಳಲ್ಲಿಯೇ ರಾಷ್ಟ್ರೀಯ ಬ್ಯಾಂಕಿನ ಹೋಲಿಕೆಯಿಂದ ಅವರಿಬ್ಬರಿಗೂ ಸಂಬಂಧವಿಲ್ಲವೆಂದು ಗೊತ್ತಾಯಿತು. ಅಜ್ಜಿಯರೇ ಹಟ ಹಿಡಿದು ಕಟ್ಟಿಸಿದ ಬ್ಯಾಂಕು, ಅವರಲ್ಲಿ ಹಿರಿಯರೊಬ್ಬರಿಗೆ ಹೀಗೆ ಉತ್ತರ ಕೊಡಬೇಕಾಯಿತು. ಚೀಚಾ 2018ರ ಆಗಸ್ಟಿನಲ್ಲಿ, 94ನೆಯ ವಯಸ್ಸಿನಲ್ಲಿ, ತೀರಿಕೊಂಡರು.

ಅವರು ಹುಡುಗಿಯ ತಂದೆಯ ತಾಯಿ. ಆದುದರಿಂದ ಅವರ ಪಾಲಿಗೆ ಒಲೆಯ ಬರಹ ಸಾಕ್ಷಿ ಹೇಳದು. ಅದು ತಾಯಿಯ ಕಡೆಯ ಅಜ್ಜಿಯದು. ಆದರೆ ಹೆಣ್ಣುಮಗುವಿಗೆ ತಂದೆಯಿಂದ ಬರುವ ಎಕ್ಸ್ ವರ್ಣತಂತು ಒಂದೇ, ತಂದೆಗೆ ಅದು ಬಂದುದು ಅವನ ತಾಯಿಯಿಂದಲೇ. ಕ್ಲಾರಾ ಅನಾಯಿ ಹುಟ್ಟಿದ್ದು 1976ರ ಆಗಸ್ಟಿನಲ್ಲಿ. ಅವಳು ಎಲ್ಲಿಯೇ ಇರಲಿ, ಯಾವ ಹೆಸರಿನಿಂದಲೇ ಇರಲಿ, ಬದುಕಿದ್ದರೆ ಅವಳ ಒಂದೊಂದು ಜೀವಕೋಶದಲ್ಲಿಯೂ ಚೀಚಾ ಅವರಿಂದ ಬಂದ ಆ ವರ್ಣತಂತು ಇದೆ. ಹೋಲಿಸಿ ನೋಡಲು ಬೇಕಾದ ಕುಟುಂಬದ ಮಾದರಿಗಳು ಬ್ಯೂನಸ್ ಐರಿಸ್‌ನ ಬ್ಯಾಂಕಿನಲ್ಲಿವೆ.